ಇಂಗ್ಲಿಷಿನ ನಾಶವಾಚಕಗಳೂ ಅವುಗಳ ಲಿಥುವೇನಿಯನ್ ಪ್ರತಿಶಬ್ದಗಳೂ

೧

ಒಂದು ಭಾಷೆಯ ಶಬ್ದಗಳನ್ನು ಎಡಗಡೆಯಲ್ಲಿಯೂ ಮತ್ತೊಂದು ಭಾಷೆಯ ಶಬ್ದಗಳನ್ನು ಬಲಗಡೆಯಲ್ಲಿಯೂ ಬರೆದು, ಇವು ಪರಸ್ಪರ ಸಮಾನಾರ್ಥಕಗಳೆಂದು ವಿದ್ಯಾರ್ಥಿಗಳ ಕೈಗೆ ಕೊಡುವ ಪದ್ಧತಿ ಬಹು ಹಳೆಯದು. ನಮ್ಮಲ್ಲಿಯೂ ನಿಘಂಟುಗಳ ಪರಂಪರೆ ಸಾಮಾನ್ಯವಾದುದಲ್ಲ. ಆದರೆ ನಿಘಂಟುಕಾರನು ಒಂದೇ ಭಾಷೆಯೊಳಗಣ ಪರ್ಯಾಯಗಳನ್ನು ಕೂಡಿಸುವಾಗ ಆತನ ಹಿಂದೆ ಪ್ರಯೋಗದ ಬಲವಿರುತ್ತದೆ. ಎರಡು ಭಾಷೆಗಳನ್ನು ಎದುರುಬದುರಾಗಿ ನಿಲ್ಲಿಸುವ ಪಟ್ಟಿಗೆ ಆ ಬಲವಿಲ್ಲ. ಅದು ಶಬ್ದವನ್ನು ವಾಕ್ಯದಿಂದ ಕಿತ್ತು ತರುತ್ತದೆ. ಕಿತ್ತು ತಂದ ಶಬ್ದದಲ್ಲಿ ಕರ್ತೃವೂ ಕರ್ಮವೂ ಉಳಿಯುವುದಿಲ್ಲ.

ಈ ದೋಷವು ಎಲ್ಲ ವಿಷಯಗಳಲ್ಲಿಯೂ ಒಂದೇ ಪ್ರಮಾಣದಲ್ಲಿ ಕಾಣುವುದಿಲ್ಲ. ಮರ, ನದಿ, ಹಸು ಮುಂತಾದ ದ್ರವ್ಯವಾಚಕಗಳ ಪಟ್ಟಿಯಲ್ಲಿ ಅದು ಅಷ್ಟಾಗಿ ಬಾಧಿಸದು. ಆದರೆ ನಾಶ, ಭಂಗ, ಹಾನಿ, ಕೆಡುಕು ಎಂಬ ಅರ್ಥವುಳ್ಳ ಕ್ರಿಯಾವಾಚಕಗಳ ಪಟ್ಟಿಯಲ್ಲಿ ಅದು ಬಹಳವಾಗಿ ಬಾಧಿಸುತ್ತದೆ. ಏಕೆಂದರೆ ನಾಶವೆಂಬುದು ಎರಡು ಬಗೆಯಾಗಿ ಸಂಭವಿಸುತ್ತದೆ: ವಸ್ತು ತಾನಾಗಿ ಕೆಡುವುದು ಒಂದು ಬಗೆ, ಮತ್ತೊಬ್ಬನು ಅದನ್ನು ಕೆಡಿಸುವುದು ಇನ್ನೊಂದು ಬಗೆ. ಈ ಎರಡಕ್ಕೂ ನಡುವಿನ ಅಂತರವೇ ಅಪರಾಧ ಮತ್ತು ಅಪಘಾತಗಳಿಗೆ ನಡುವಿನ ಅಂತರ. ಪ್ರಕೃತ ಪ್ರಬಂಧದಲ್ಲಿ ಇಂಗ್ಲಿಷಿನ ನಾಶವಾಚಕಗಳಿಗೆ ಲಿಥುವೇನಿಯನ್ ಭಾಷೆಯಲ್ಲಿ ಕೊಡುವ ಪ್ರತಿಶಬ್ದಗಳನ್ನು ನಿದರ್ಶನವಾಗಿ ತೆಗೆದುಕೊಂಡು ಈ ವಿಷಯವನ್ನು ಪರಿಶೀಲಿಸಲಾಗುವುದು. ಇಂಗ್ಲಿಷು ಬಹುಮಟ್ಟಿಗೆ ಮುಚ್ಚಿಡುವ ಕರ್ತೃವಿನ ಪ್ರಶ್ನೆಯನ್ನು ಲಿಥುವೇನಿಯನ್ ಭಾಷೆ ಧಾತುವಿನಲ್ಲಿಯೇ ಕೇಳುತ್ತದೆ; ಆದಕಾರಣ ಇಲ್ಲಿ ಪದಕ್ಕೆ ಪದ ಸಮವಾಗುವುದಿಲ್ಲ, ವಾಕ್ಯಕ್ಕೆ ವಾಕ್ಯವೇ ಸಮವಾಗಬೇಕು ಎಂಬುದು ನಮ್ಮ ಪ್ರತಿಜ್ಞೆ.

ಲಿಪ್ಯಂತರದ ವಿಷಯದಲ್ಲಿ ಒಂದು ಮಾತು. ಲಿಥುವೇನಿಯನ್ ಶಬ್ದಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಕೊಟ್ಟಿದೆ. ಶಕಾರಕ್ಕೆ ಸರಿಯಾದ ಘೋಷಧ್ವನಿ ನಮ್ಮಲ್ಲಿ ಇಲ್ಲದಿರುವುದರಿಂದ ಅದನ್ನು ಝಕಾರದಿಂದ ಸೂಚಿಸಿದೆ. ಶಬ್ದಾಂತ್ಯದಲ್ಲಿ ಬರುವ ‘ತಿ’ ಎಂಬುದು ನಮ್ಮ ‘ತುಂ’ ಪ್ರತ್ಯಯದಂತೆ ಭಾವಾರ್ಥಕವೆಂದು ತಿಳಿಯಬೇಕು.

೨

ಮೊದಲು ಇಂಗ್ಲಿಷಿನ ಶಬ್ದಗಳನ್ನು ನೋಡೋಣ. ಅವುಗಳಲ್ಲಿ ಎರಡು ಪದರಗಳು ಸ್ಪಷ್ಟವಾಗಿ ತೋರುತ್ತವೆ. ‘ಬ್ರೇಕ್’, ‘ಹಾರ್ಮ್’, ‘ಬರ್ನ್’ ಮುಂತಾದುವು ಆ ಭಾಷೆಯ ಮೂಲಸಂಪತ್ತಿಗೆ ಸೇರಿದ ಜರ್ಮಾನಿಕ್ ಶಬ್ದಗಳು. ‘ಡೆಸ್ಟ್ರಾಯ್’, ‘ಡ್ಯಾಮೇಜ್’, ‘ರೂಯಿನ್’, ‘ಸ್ಪಾಯಿಲ್’ ಮುಂತಾದುವು ೧೦೬೬ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಅನಂತರ ಫ್ರೆಂಚ್ ಭಾಷೆಯ ಮಾರ್ಗವಾಗಿ ಬಂದ ಲ್ಯಾಟಿನ್ ಶಬ್ದಗಳು.

ಈ ಎರಡನೆಯ ಪದರದ ವ್ಯುತ್ಪತ್ತಿಗಳು ಗಮನಾರ್ಹವಾಗಿವೆ. ‘ಡೆಸ್ಟ್ರಾಯ್’ ಎಂಬುದರ ಮೂಲವು ‘ಪೇರಿಸಿದುದನ್ನು ಕೆಳಗಿಳಿಸು’ ಎಂಬರ್ಥದ ಲ್ಯಾಟಿನ್ ಕ್ರಿಯಾಪದ. ಅಂದರೆ ಅದು ಮೊದಲಿಗೆ ಕಟ್ಟಡಕ್ಕೆ ಮಾತ್ರ ಸಲ್ಲತಕ್ಕ ಶಬ್ದ. ‘ರೂಯಿನ್’ ಎಂಬುದು ‘ಬೀಳು, ಕುಸಿ’ ಎಂಬರ್ಥದ ಕ್ರಿಯೆಯಿಂದ ಹುಟ್ಟಿದುದು, ಅಲ್ಲಿ ಬೀಳಿಸುವವನಿಲ್ಲ. ‘ಡ್ಯಾಮೇಜ್’ ಎಂಬುದು ‘ನಷ್ಟ’ ಎಂಬರ್ಥದ ಲ್ಯಾಟಿನ್ ‘ದಮ್ನುಂ’ ಶಬ್ದದಿಂದ ಬಂದುದು. ಅಲ್ಲಿ ಒಡೆಯುವಿಕೆಗಿಂತ ಲೆಕ್ಕಾಚಾರವೇ ಮುಂದಾಗಿದೆ. ‘ಸ್ಪಾಯಿಲ್’ ಎಂಬುದು ಸತ್ತ ಶತ್ರುವಿನ ಆಯುಧ ಕವಚಗಳನ್ನು ಸುಲಿದುಕೊಳ್ಳುವುದನ್ನು ಹೇಳುತ್ತಿದ್ದಿತು. ಇಂದು ಅದು ಅನ್ನ ಹಳಸುವುದಕ್ಕೂ ಮಗುವನ್ನು ಅತಿಯಾಗಿ ಮುದ್ದಿಸಿ ಕೆಡಿಸುವುದಕ್ಕೂ ಸಲ್ಲುತ್ತದೆ. ಇಂತು ಕಟ್ಟಡದ ಶಬ್ದ, ಬೀಳುವಿಕೆಯ ಶಬ್ದ, ಲೆಕ್ಕದ ಶಬ್ದ, ಕೊಳ್ಳೆಯ ಶಬ್ದ ಎಂಬ ನಾಲ್ಕೂ ತಮ್ಮ ತಮ್ಮ ನೆಲೆಗಳನ್ನು ಬಿಟ್ಟು ಒಂದೇ ಬಯಲಿನಲ್ಲಿ ಸೇರಿಕೊಂಡಿವೆ. ಇಂಗ್ಲಿಷಿನ ಈ ಸಮೃದ್ಧಿ ಮೆಚ್ಚತಕ್ಕದ್ದೇ ಸರಿ. ಆದರೆ ಈ ಶಬ್ದಗಳು ಬಳಕೆಯಲ್ಲಿ ಸವೆದು ಒಂದರ ಮೇಲೊಂದು ಹಾಯುವುದರಿಂದ, ಅವುಗಳ ಭೇದವನ್ನು ಶಬ್ದವೊಂದರಿಂದಲೇ ಹೇಳುವುದು ಕಷ್ಟ.

ಇನ್ನು ಮೊದಲನೆಯ ಪದರದಲ್ಲಿ ಮತ್ತೊಂದು ವಿಶೇಷವುಂಟು. ಹಳೆಯ ಇಂಗ್ಲಿಷಿನಲ್ಲಿ ತಾನಾಗಿ ಉರಿಯುವುದಕ್ಕೆ ಒಂದು ಕ್ರಿಯಾಪದವೂ, ಸುಡುವುದಕ್ಕೆ ಅದರಿಂದ ಸ್ವರಭೇದಮಾತ್ರದಿಂದ ಬೇರೆಯಾದ ಮತ್ತೊಂದು ಕ್ರಿಯಾಪದವೂ ಇದ್ದುವು. ಕಾಲಕ್ರಮದಲ್ಲಿ ಎರಡೂ ಕಲೆತು ‘ಬರ್ನ್’ ಎಂಬ ಒಂದೇ ರೂಪವಾಯಿತು. ಹಾಗೆಯೇ ‘ಕ್ವೆಲನ್’ ಎಂದರೆ ಸಾಯುವುದು, ‘ಕ್ವೆಲ್ಲನ್’ ಎಂದರೆ ಕೊಲ್ಲುವುದು ಎಂಬ ಜೋಡಿಯಿದ್ದಿತು. ಅದರಲ್ಲಿ ಎರಡನೆಯದು ಮಾತ್ರ, ‘ದಂಗೆಯನ್ನು ಅಡಗಿಸು’ ಎಂಬ ಮೆತ್ತಗಿನ ಅರ್ಥದಲ್ಲಿ, ಈಗಲೂ ಉಳಿದಿದೆ. ‘ಫಾಲ್’ ಎಂದರೆ ಬೀಳು, ‘ಫೆಲ್’ ಎಂದರೆ ಮರವನ್ನು ಕೆಡಹು ಎಂಬುದು ಅಳಿದುಳಿದ ಜೋಡಿಗಳಲ್ಲಿ ಒಂದು. ‘ಬ್ರೇಕ್’ ಶಬ್ದವಾದರೋ ಗಡಿಗೆ ಒಡೆಯಿತೆನ್ನುವಲ್ಲಿಯೂ ಗಡಿಗೆಯನ್ನು ಒಡೆದನೆನ್ನುವಲ್ಲಿಯೂ ಒಂದೇ. ಅಂದರೆ, ಕೆಡುವುದನ್ನೂ ಕೆಡಿಸುವುದನ್ನೂ ರೂಪದಿಂದ ಬೇರ್ಪಡಿಸುವ ಶಕ್ತಿ ಇಂಗ್ಲಿಷಿಗೆ ಒಂದು ಕಾಲಕ್ಕೆ ಇದ್ದು, ಅನಂತರ ಬಹುಭಾಗ ಲೋಪವಾಯಿತು.

೩

ಲಿಥುವೇನಿಯನ್ ಭಾಷೆಯಲ್ಲಿ ಆ ಶಕ್ತಿ ಲೋಪವಾಗಲಿಲ್ಲ. ಅಲ್ಲಿ ನಾಶವಾಚಕಗಳು ಪ್ರಾಯಶಃ ಜೋಡಿಜೋಡಿಯಾಗಿಯೇ ಇರುತ್ತವೆ. ಜೋಡಿಯ ಒಂದು ಶಬ್ದ ಅಕರ್ಮಕ, ಮತ್ತೊಂದು ಸಕರ್ಮಕ. ಕೆಲವು ಮುಖ್ಯವಾದ ಜೋಡಿಗಳನ್ನು ಇಲ್ಲಿ ಕೊಡುತ್ತೇವೆ. ‘ಗ್ರ್ಯೂತಿ’ ಎಂದರೆ ಕುಸಿದು ಬೀಳುವುದು, ‘ಗ್ರ್ಯೌತಿ’ ಎಂದರೆ ಕೆಡಹುವುದು. ‘ಲೂಝ್ತಿ’ ಎಂದರೆ ತಾನಾಗಿ ಮುರಿಯುವುದು, ‘ಲೌಝ್ತಿ’ ಎಂದರೆ ಮತ್ತೊಬ್ಬನು ಮುರಿಯುವುದು. ‘ದುಝ್ತಿ’ ಎಂದರೆ ಚೂರಾಗುವುದು, ‘ದೌಝೀತಿ’ ಎಂದರೆ ಚೂರುಮಾಡುವುದು. ‘ಗೆಸ್ತಿ’ ಎಂದರೆ ಕೆಡುವುದು, ‘ಗದಿಂತಿ’ ಎಂದರೆ ಕೆಡಿಸುವುದು. ‘ನೀಕ್ತಿ’ ಎಂದರೆ ಕ್ಷೀಣಿಸಿ ಮರೆಯಾಗುವುದು, ‘ನೈಕಿಂತಿ’ ಎಂದರೆ ನಿರ್ಮೂಲಮಾಡುವುದು. ‘ಝ್ಲುಗ್ತಿ’ ಎಂದರೆ ಕಾರ್ಯವು ವಿಫಲವಾಗಿ ಮುಳುಗುವುದು, ‘ಝ್ಲುಗ್ದೀತಿ’ ಎಂದರೆ ಅದನ್ನು ಮುಳುಗಿಸುವುದು. ‘ಮಿರ್ತಿ’ ಎಂದರೆ ಸಾಯುವುದು, ‘ಮರಿಂತಿ’ ಎಂದರೆ ಸಾಯಿಸುವುದು.

ಕಡೆಯ ಜೋಡಿಯನ್ನು ನೋಡಿದ ಸಂಸ್ಕೃತಜ್ಞರಿಗೆ ‘ಮ್ರಿಯತೇ’, ‘ಮಾರಯತಿ’ ಎಂಬ ರೂಪಗಳು ಕೂಡಲೇ ನೆನಪಿಗೆ ಬರುವುವು. ಅದು ಆಕಸ್ಮಿಕವಲ್ಲ, ಧಾತುವೂ ಒಂದೇ, ಪ್ರೇರಣಾರ್ಥದಲ್ಲಿ ಸ್ವರವು ಮಾರ್ಪಡುವ ಕ್ರಮವೂ ಒಂದೇ ಮೂಲದ್ದು. ‘ಲೂಝ್ತಿ’, ‘ಲೌಝ್ತಿ’ ಎಂಬ ಜೋಡಿಯು ಇದಕ್ಕಿಂತಲೂ ಸ್ವಾರಸ್ಯವಾಗಿದೆ. ಅದರ ಧಾತು ನಮ್ಮ ‘ರುಜ್’ ಧಾತುವಿನ ಸಹೋದರ. ಸಂಸ್ಕೃತದ ರೇಫಕ್ಕೆ ಲಿಥುವೇನಿಯನ್ನಿನಲ್ಲಿ ಇಲ್ಲಿ ಲಕಾರವೂ, ಜಕಾರಕ್ಕೆ ಝಕಾರವೂ ಪ್ರತಿಯಾಗಿ ನಿಂತಿವೆ. ನಾವು ‘ರುಜೆ’, ‘ರುಜಿನ’, ‘ರೋಗ’ ಎಂದು ಅನುದಿನವೂ ಆಡುವ ಮಾತಿನ ಮೂಲಾರ್ಥ ‘ಮುರಿತ’ವೇ ಆಗಿದೆ, ರೋಗವೆಂದರೆ ಶರೀರವನ್ನು ಮುರಿಯುವುದು. ನಾವು ಆ ಮೂಲಾರ್ಥವನ್ನು ಬಹುಮಟ್ಟಿಗೆ ಮರೆತು ವ್ಯಾಧಿಯ ಅರ್ಥವನ್ನು ಉಳಿಸಿಕೊಂಡೆವು. ಬಾಲ್ಟಿಕ್ ಸಮುದ್ರದ ತೀರದ ರೈತನು ಇಂದಿಗೂ ಕೊಂಬೆ ಮುರಿಯುವುದಕ್ಕೆ ಅದೇ ಧಾತುವನ್ನು ಬಳಸುತ್ತಾನೆ. ಆ ಕೊಂಬೆಗೂ ಅವನ ಮಾತಿನಲ್ಲಿ ‘ಶಕಾ’ ಎಂದೇ ಹೆಸರು. ಅದು ನಮ್ಮ ‘ಶಾಖಾ’ ಶಬ್ದದ ಸಹೋದರ. ‘ದೆಗ್ತಿ’ ಎಂದರೆ ಉರಿಯುವುದು; ಅದು ‘ದಹ್’ ಧಾತು. ‘ಗೆಸ್ತಿ’ ಎಂಬ ಮತ್ತೊಂದು ಕ್ರಿಯಾಪದವಿದೆ. ದೀಪ ನಂದುವುದು ಎಂದು ಅದರ ಅರ್ಥ. ಸೊರಗುವುದೆಂಬ ಅರ್ಥದಲ್ಲಿ ವೇದದಲ್ಲಿ ಬರುವ ‘ಜಸ್’ ಧಾತುವಿನೊಡನೆ ಅದಕ್ಕೆ ಸಂಬಂಧ. ಕೆಡುವುದೆಂಬ ‘ಗೆಸ್ತಿ’ಗೂ ನಂದುವುದೆಂಬ ‘ಗೆಸ್ತಿ’ಗೂ ಭಾವರೂಪ ಒಂದೇ ಆದರೂ ವರ್ತಮಾನದಲ್ಲಿ ಮೊದಲನೆಯದು ‘ಗೆಂದ’ ಎಂದೂ ಎರಡನೆಯದು ‘ಗೇಸ್ತ’ ಎಂದೂ ಬೇರೆಯಾಗುತ್ತವೆ. ಪಟ್ಟಿಯಲ್ಲಿ ಭಾವರೂಪವನ್ನು ಮಾತ್ರ ಕೊಟ್ಟರೆ ವಿದ್ಯಾರ್ಥಿ ಇವೆರಡನ್ನೂ ಒಂದೆಂದು ಭ್ರಮಿಸುವನು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಇಂತಹ ಸಾಮ್ಯಗಳನ್ನು ಕಂಡು ಲಿಥುವೇನಿಯನ್ ಭಾಷೆ ಸಂಸ್ಕೃತದಿಂದ ಹುಟ್ಟಿತೆಂದು ಹೇಳುವವರುಂಟು. ಅದು ಸರಿಯಲ್ಲ. ಎರಡೂ ಒಂದು ಮೂಲದಿಂದ ಬೇರೆಬೇರೆಯಾಗಿ ಹರಿದುಬಂದ ಭಾಷೆಗಳು. ಒಂದು ಭೇದವನ್ನು ಮಾತ್ರ ಸೂಚಿಸುತ್ತೇವೆ. ಪಾಣಿನೀಯರು ಒಂದೇ ಧಾತುವಿಗೆ ಣಿಚ್ ಪ್ರತ್ಯಯವನ್ನು ಹತ್ತಿಸಿ ‘ನಶ್ಯತಿ’ ಎಂಬುದರಿಂದ ‘ನಾಶಯತಿ’ ಎಂಬುದನ್ನು ಸಾಧಿಸುವರು. ಸಕರ್ಮಕವಾದ ಧಾತುವನ್ನು, ಕರ್ಮವೇ ಕರ್ತೃವಾಗಿ ವಿವಕ್ಷಿತವಾದಾಗ, ಕರ್ಮಕರ್ತರಿ ಪ್ರಯೋಗದಿಂದ ಅಕರ್ಮಕದಂತೆ ನಡೆಯಿಸುವರು. ಕಟ್ಟಿಗೆ ತಾನೇ ಸೀಳಿತು ಎಂಬ ಮಾತು ಅದಕ್ಕೆ ಸುಪ್ರಸಿದ್ಧವಾದ ಉದಾಹರಣೆ. ಅಲ್ಲಿ ಭೇದವು ವಕ್ತೃವಿನ ವಿವಕ್ಷೆಗೆ ಅಧೀನವಾಗಿದೆ. ಲಿಥುವೇನಿಯನ್ನಿನಲ್ಲಿ ‘ಲೂಝ್ತಿ’, ‘ಲೌಝ್ತಿ’ ಎಂಬಂಥ ಜೋಡಿಗಳು ಧಾತುವಿನ ಸ್ವರದಲ್ಲಿಯೇ ಸಿದ್ಧವಾಗಿ ನಿಂತಿವೆ. ಮಾತನಾಡುವವನು ಎರಡರಲ್ಲಿ ಒಂದನ್ನು ಆರಿಸಲೇಬೇಕು. ಆರಿಸದೆ ಬಾಯಿ ತೆರೆಯುವಂತಿಲ್ಲ.

೪

ಈಗ ಪಟ್ಟಿಯ ಕಡೆಗೆ ತಿರುಗೋಣ. ‘ಬ್ರೇಕ್’ ಎಂಬುದಕ್ಕೆ ಎದುರಾಗಿ ಏನು ಬರೆಯಬೇಕು? ಕೋಲು, ಕೊಂಬೆ, ಎಲುಬು ಮುಂತಾದ ಬಿರುಸಾದ ವಸ್ತುಗಳಿಗೆ ‘ಲೂಝ್ತಿ’ ಮತ್ತು ‘ಲೌಝ್ತಿ’. ಗಾಜು, ಮಣ್ಣಿನ ಪಾತ್ರೆ ಮುಂತಾದ ಚೂರಾಗುವ ವಸ್ತುಗಳಿಗೆ ‘ದುಝ್ತಿ’ ಮತ್ತು ‘ದೌಝೀತಿ’. ಬಟ್ಟೆ, ಕಾಗದಗಳು ಹರಿಯುವುದಕ್ಕೆ ‘ಪ್ಲೀಶ್ತಿ’ ಮತ್ತು ‘ಪ್ಲೇಶ್ತಿ’. ಹಗ್ಗ ತುಂಡಾಗುವುದಕ್ಕೆ ‘ನುತ್ರೂಕ್ತಿ’ ಮತ್ತು ‘ನುತ್ರೌಕ್ತಿ’. ಯಂತ್ರವು ಕೆಟ್ಟು ನಿಲ್ಲುವುದಕ್ಕೆ ‘ಸುಗೆಸ್ತಿ’, ಅದನ್ನು ಕೆಡಿಸುವುದಕ್ಕೆ ‘ಸುಗದಿಂತಿ’. ಒಂದು ಶಬ್ದಕ್ಕೆ ಹತ್ತು ಶಬ್ದಗಳಾದುವು.

ಇದನ್ನು ಓದುವ ಕನ್ನಡಿಗನಿಗೆ ಆಶ್ಚರ್ಯವೇನೂ ತೋರದು. ನಾವೂ ಕೋಲು ಮುರಿಯಿತು, ಗಡಿಗೆ ಒಡೆಯಿತು, ಬಟ್ಟೆ ಹರಿಯಿತು, ಯಂತ್ರ ಕೆಟ್ಟಿತು ಎಂದು ವಸ್ತುವಿಗೆ ತಕ್ಕಂತೆ ಕ್ರಿಯೆಯನ್ನು ಬದಲಾಯಿಸುತ್ತೇವೆ. ಗಡಿಗೆ ಮುರಿಯಿತೆಂದರೆ ಮಕ್ಕಳು ನಗುವರು. ಆದರೆ ಕರ್ತೃವಿನ ವಿಷಯದಲ್ಲಿ ಕನ್ನಡವು ಇಂಗ್ಲಿಷಿನ ಕಡೆಗೆ ವಾಲುತ್ತದೆ. ‘ಮುರಿ’, ‘ಒಡೆ’, ‘ಹರಿ’ ಎಂಬುವು ನಮ್ಮಲ್ಲಿ ಸಕರ್ಮಕವೂ ಅಹುದು, ಅಕರ್ಮಕವೂ ಅಹುದು. ‘ಕೆಡು’, ‘ಕೆಡಿಸು’ ಎಂಬಂಥ ಕಡೆ ಮಾತ್ರ ರೂಪಭೇದವಿದೆ. ಹೀಗೆ ವಸ್ತುವಿವೇಕದಲ್ಲಿ ಕನ್ನಡವು ಲಿಥುವೇನಿಯನ್ನಿಗೆ ಸಮೀಪ. ಕರ್ತೃವಿವೇಕದಲ್ಲಿ ಇಂಗ್ಲಿಷಿಗೆ ಸಮೀಪ. ಕನ್ನಡದವನು ಈ ಪಟ್ಟಿಗಳನ್ನು ಇಂಗ್ಲಿಷಿನವನಿಗಿಂತ ಬೇಗ ವಿಮರ್ಶಿಸಬಲ್ಲನೆಂದು ನಾವು ಧೈರ್ಯದಿಂದ ಹೇಳುವುದಕ್ಕೆ ಇದೇ ಕಾರಣ.

‘ಸ್ಪಾಯಿಲ್’ ಎಂಬುದೂ ಹೀಗೆಯೇ ಒಡೆದುಹೋಗುತ್ತದೆ. ಆಹಾರ ಕೆಟ್ಟರೆ ‘ಸುಗೆಸ್ತಿ’; ಹಾಲು ಹುಳಿತರೆ ‘ಸುರೂಗ್ತಿ’; ಮಗುವನ್ನು ಮುದ್ದಿನಿಂದ ಕೆಡಿಸಿದರೆ ‘ಇಶ್‌ಲೆಪಿಂತಿ’. ಆ ಶಬ್ದದ ಹಳೆಯ ಅರ್ಥವಾದ ಕೊಳ್ಳೆಗೆ ‘ಪ್ಲೇಶ್ತಿ’ಯೇ ಸಲ್ಲುತ್ತದೆ, ಹರಿಯುವುದು, ಸುಲಿಯುವುದು, ಕೊಳ್ಳೆಹೊಡೆಯುವುದು ಎಂಬ ಮೂರೂ ಅರ್ಥಗಳು ಅದಕ್ಕಿವೆ. ಕೊಳ್ಳೆಗಾರನಿಗೆ ‘ಪ್ಲೇಶಿಕಸ್’ ಎಂದು ಹೆಸರು ಬಂದಿರುವುದು ಅದರಿಂದಲೇ.

ಉಪಸರ್ಗಗಳನ್ನು ಬಿಟ್ಟರೆ ಪಟ್ಟಿ ಇನ್ನೂ ಬಡವಾಗುತ್ತದೆ. ‘ಹೃ’ ಎಂಬ ಒಂದೇ ಧಾತು ಉಪಸರ್ಗಬಲದಿಂದ ಆಹಾರವೂ ವಿಹಾರವೂ ಸಂಹಾರವೂ ಆಗುವುದನ್ನು ಬಾಲ್ಯದಲ್ಲಿಯೇ ಕಲಿತ ನಮಗೆ ಇದನ್ನು ವಿಸ್ತರಿಸಿ ಹೇಳಬೇಕಾಗಿಲ್ಲ. ‘ಸುಗ್ರ್ಯೌತಿ’ ಎಂದರೆ ಪೂರ್ಣವಾಗಿ ಹಾಳುಗೆಡಹುವುದು. ‘ನುಗ್ರ್ಯೌತಿ’ ಎಂದರೆ ಕಟ್ಟಡವನ್ನು ಕೆಡವಿ ನೆಲಸಮಮಾಡುವುದು. ಪೌರಸಭೆಯು ಹಳೆಯ ಮನೆಯನ್ನು ತೆಗೆಸಿದರೂ ಇದೇ ಶಬ್ದ. ‘ಅಪ್‌ಗ್ರ್ಯೌತಿ’ ಎಂದರೆ ಸುತ್ತಮುತ್ತ ಒಂದಷ್ಟು ಕೆಡಹುವುದು. ‘ಇಶ್‌ಗ್ರ್ಯೌತಿ’ ಎಂದರೆ ಗೋಡೆಯನ್ನು ಕಿತ್ತು ತೆಗೆಯುವುದು. ಅಕರ್ಮಕದಲ್ಲಿ ‘ಈಗ್ರ್ಯೂತಿ’ ಎಂದರೆ ಛಾವಣಿಯು ಒಳಕ್ಕೆ ಕುಸಿಯುವುದು. ‘ಉಝ್‌ಗ್ರ್ಯೂತಿ’ ಎಂದರೆ ಮೇಲೆ ಬಿದ್ದು ಮುಚ್ಚಿಬಿಡುವುದು. ‘ಡೆಸ್ಟ್ರಾಯ್’ ಎಂಬುದಕ್ಕೆ ಪಟ್ಟಿಯು ಪ್ರಾಯಶಃ ‘ಸುನೈಕಿಂತಿ’ ಎಂದು ಕೊಡುತ್ತದೆ. ಅದು ತಪ್ಪಲ್ಲ, ಆದರೆ ಅರ್ಧ ಮಾತ್ರ. ಕಾಗದಪತ್ರಗಳನ್ನೂ ಶತ್ರುಸೇನೆಯನ್ನೂ ಇಲ್ಲದಂತೆ ಮಾಡುವುದು ‘ಸುನೈಕಿಂತಿ’. ಸೇತುವೆಯನ್ನೂ ಮನೆಯನ್ನೂ ಹಾಳುಮಾಡುವುದು ವಿಶೇಷವಾಗಿ ‘ಸುಗ್ರ್ಯೌತಿ’. ಒಂದು ವಸ್ತುವನ್ನು ಇಲ್ಲವಾಗಿಸುತ್ತದೆ. ಮತ್ತೊಂದು ಹಾಳು ಗೋಡೆಗಳನ್ನು ಉಳಿಸುತ್ತದೆ. ಆ ಉಳಿದ ಹಾಳಿಗೆ ‘ಗ್ರ್ಯುವೇಸ್ಯೈ’ ಎಂದು ಹೆಸರು.

ಈ ಎಲ್ಲ ಭೇದಗಳೂ ಕೃದಂತದಲ್ಲಿ ಅತ್ಯಂತ ಸ್ಫುಟವಾಗಿ ಕಾಣುತ್ತವೆ. ‘ರೂಯಿನ್ಡ್’ ಮನೆ ಎಂದು ಇಂಗ್ಲಿಷಿನಲ್ಲಿ ಹೇಳಿದರೆ ಅದು ಮಳೆಗೆ ಬಿದ್ದಿತೋ, ಫಿರಂಗಿಗೆ ಬಿದ್ದಿತೋ ತಿಳಿಯುವುದಿಲ್ಲ. ಲಿಥುವೇನಿಯನ್ನಿನಲ್ಲಿ ‘ಸುಗ್ರ್ಯುವೇಸ್ ನಾಮಸ್’ ಎಂದರೆ ತಾನಾಗಿ ಕುಸಿದ ಮನೆ. ‘ಸುಗ್ರ್ಯೌತಸ್ ನಾಮಸ್’ ಎಂದರೆ ಕೆಡಹಲ್ಪಟ್ಟ ಮನೆ. ಎರಡನೆಯದರಲ್ಲಿ ಕೆಡಹಿದವನ ಹೆಸರು ಇಲ್ಲದಿರಬಹುದು. ಆದರೆ ಕೆಡಹಿದವನೊಬ್ಬನು ಇದ್ದನೆಂಬ ಸಾಕ್ಷ್ಯವು ಶಬ್ದದಲ್ಲಿಯೇ ಉಳಿದಿದೆ. ಹಾಗೆಯೇ ‘ನುಲೂಝುಸಿ ಶಕಾ’ ಎಂಬುದು ಗಾಳಿಗೆ ಮುರಿದ ಕೊಂಬೆಗೆ ಸಲ್ಲುವುದು; ‘ನುಲೌಝ್ತ ಶಕಾ’ ಎಂಬುದು ಕೈಯಿಂದ ಮುರಿದ ಕೊಂಬೆಗೆ.

೫

ನ್ಯಾಯಶಾಸನದ ಭಾಷೆಯಲ್ಲಿ ಈ ವಿವೇಕಕ್ಕೆ ವ್ಯಾವಹಾರಿಕ ಪ್ರಯೋಜನವೂ ಇದೆ. ಲಿಥುವೇನಿಯದ ದಂಡಸಂಹಿತೆಯ ೧೮೭ನೆಯ ಪ್ರಕರಣವು ಸ್ವತ್ತಿನ ನಾಶ ಮತ್ತು ಹಾನಿಗಳನ್ನು ಕುರಿತದ್ದು. ಅಲ್ಲಿ ಬಳಸಿರುವ ಶಬ್ದಗಳು ‘ಸುನೈಕಿನಿಮಸ್’ ಮತ್ತು ‘ಸುಗದಿನಿಮಸ್’. ಎರಡೂ ಸಕರ್ಮಕಧಾತುಗಳಿಂದ ಬಂದ ಭಾವನಾಮಗಳೆಂಬುದನ್ನು ಗಮನಿಸಬೇಕು. ‘ಗೆಸ್ತಿ’ಯಿಂದ ಬರುವ ‘ಗೆದಿಮಸ್’ ಎಂಬುದು ಯಂತ್ರವು ಕೆಟ್ಟುನಿಲ್ಲುವುದಕ್ಕೆ ಸಲ್ಲುವುದೇ ಹೊರತು ಅಪರಾಧಕ್ಕೆ ಹೆಸರಾಗಲಾರದು. ಅಪರಾಧವೆಂದಮೇಲೆ ಕರ್ತೃವಿರಲೇಬೇಕಷ್ಟೆ.

‘ಡ್ಯಾಮೇಜ್’ ಶಬ್ದದ ಬಹುವಚನವು ಇಂಗ್ಲಿಷಿನಲ್ಲಿ ಬೇರೊಂದು ಅರ್ಥವನ್ನು ತಾಳುತ್ತದೆ. ಏಕವಚನದಲ್ಲಿ ಅದು ಹಾನಿ. ಬಹುವಚನದಲ್ಲಿ ನ್ಯಾಯಾಲಯವು ಕೊಡಿಸುವ ಪರಿಹಾರದ್ರವ್ಯ. ಒಂದು ಸಕಾರವು ನೋವನ್ನು ಹಣವಾಗಿಸಿಬಿಡುತ್ತದೆ. ಲಿಥುವೇನಿಯನ್ನಿನಲ್ಲಿ ಈ ಎರಡಕ್ಕೂ ಬೇರೆ ಬೇರೆ ಶಬ್ದಗಳಿವೆ. ‘ಝಲ’ ಎಂದರೆ ಹಾನಿ. ‘ನುಒಸ್ತೊಲ್ಯೈ’ ಎಂದರೆ ನಷ್ಟಗಳು. ಅಲ್ಲಿನ ನಾಗರಿಕಸಂಹಿತೆಯು ಎರಡನೆಯದನ್ನು ಮೊದಲನೆಯದರ ಧನರೂಪವಾದ ಅಭಿವ್ಯಕ್ತಿಯೆಂದು ನಿರೂಪಿಸುತ್ತದೆ. ಇವಲ್ಲದೆ ‘ಸ್ಕ್ರ್ಯೌದ’ ಎಂಬ ಮೂರನೆಯ ಶಬ್ದವೂ ಉಂಟು. ಒಬ್ಬನಿಗೆ ಅನ್ಯಾಯವಾಗಿ ಉಂಟುಮಾಡಿದ ನೋವು ಎಂದು ಅದರ ಅರ್ಥ. ಬಿರುಗಾಳಿಯಿಂದ ‘ಝಲ’ ಆಗಬಹುದು, ಆದರೆ ಬಿರುಗಾಳಿ ಯಾರಿಗೂ ‘ಸ್ಕ್ರ್ಯೌದ’ವನ್ನು ಮಾಡಲಾರದು. ಇಂಗ್ಲಿಷಿನ ‘ಹಾರ್ಮ್’ ಎಂಬುದಕ್ಕೆ ಎದುರಾಗಿ ‘ಝಲ’ ಒಂದನ್ನೇ ಬರೆದ ಪಟ್ಟಿಯಲ್ಲಿ ಈ ವಿವೇಕ ಕಾಣೆಯಾಗುತ್ತದೆ.

೬

ಇದೆಲ್ಲವೂ ಶಾಬ್ದಿಕರ ಸೂಕ್ಷ್ಮತೆಯೆಂದು ಯಾರಾದರೂ ಉಪೇಕ್ಷಿಸಬಹುದು. ಅವರು ಕೊಲೆ ಮತ್ತು ಸಾವುಗಳ ಶಬ್ದಗಳನ್ನು ಪರಿಶೀಲಿಸಬೇಕು. ಲಿಥುವೇನಿಯನ್ನಿನಲ್ಲಿ ಮೂರು ಮೆಟ್ಟಲುಗಳಿವೆ. ‘ಮಿರ್ತಿ’ ಎಂದರೆ ಸಾಯುವುದು, ವ್ಯಾಧಿಯಿಂದಲೋ ವಾರ್ಧಕ್ಯದಿಂದಲೋ. ‘ಝೂತಿ’ ಎಂದರೆ ಯುದ್ಧ, ಅಪಘಾತ, ಪ್ರವಾಹ ಮೊದಲಾದುವುಗಳಲ್ಲಿ ಅಕಾಲಮರಣಕ್ಕೀಡಾಗುವುದು. ಅಲ್ಲಿ ಹಿಂಸೆಯಿದೆ, ಆದರೆ ಹಿಂಸಕನು ಕಾಣುವುದಿಲ್ಲ. ‘ಝುದೀತಿ’ ಎಂದರೆ ಕೊಲೆಮಾಡುವುದು, ಅಲ್ಲಿ ಕೊಲೆಗಾರನಿದ್ದಾನೆ. ಇಂಗ್ಲಿಷಿನಲ್ಲಿ ಭೂಕಂಪದಲ್ಲಿ ಸತ್ತವರಿಗೂ ಕೊಲೆಗಾರನ ಗುಂಡಿಗೆ ಸತ್ತವರಿಗೂ ‘ವರ್ ಕಿಲ್ಡ್’ ಎಂಬ ಒಂದೇ ಪ್ರಯೋಗ ಸಲ್ಲುತ್ತದೆ. ಅನುವಾದಕನು ಲಿಥುವೇನಿಯನ್ನಿಗೆ ಬಂದಾಗ ‘ಝುವೊ’ ಎಂದು ಬರೆಯಬೇಕೋ ‘ನುಝುದೀತಿ’ ಎಂಬ ಕ್ರಿಯೆಯ ರೂಪವನ್ನು ಬರೆಯಬೇಕೋ ನಿರ್ಧರಿಸಲೇಬೇಕು. ಪಟ್ಟಿಯು ಈ ನಿರ್ಧಾರವನ್ನು ಮಾಡಿಕೊಡಲಾರದು.

ವಿಲ್ನಿಯುಸ್ ನಗರದ ಬಳಿ ಪನೆರ್ಯೈ ಎಂಬ ಸ್ಥಳವಿದೆ. ೧೯೪೧ರಿಂದ ೧೯೪೪ರ ವರೆಗೆ ನಾಟ್ಸಿಗಳೂ ಅವರೊಡನೆ ಸೇರಿದ ಸ್ಥಳೀಯರೂ ಅಲ್ಲಿ ಹತ್ತಾರು ಸಾವಿರ ಮಂದಿಯನ್ನು ಗುಂಡಿಟ್ಟು ಕೊಂದರು. ಅವರಲ್ಲಿ ಬಹುಭಾಗ ಯೆಹೂದ್ಯರು. ಲಿಥುವೇನಿಯದ ಯೆಹೂದ್ಯರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಜನ ಆ ವರ್ಷಗಳಲ್ಲಿ ಹತರಾದರು. ಇವರನ್ನು ಕುರಿತು ‘ಝುವೊ’ ಎಂದು ಬರೆದರೆ ವ್ಯಾಕರಣದೋಷವೇನೂ ಇಲ್ಲ. ಆದರೆ ಕೊಂದವರು ವಾಕ್ಯದಿಂದ ತಪ್ಪಿಸಿಕೊಂಡು ಹೋಗುವರು. ಅದೇ ನಗರದಲ್ಲಿ ೧೯೯೧ರ ಜನವರಿ ೧೩ರಂದು ಸೋವಿಯತ್ ಸೇನೆಯು ದೂರದರ್ಶನದ ಗೋಪುರವನ್ನು ವಶಪಡಿಸಿಕೊಳ್ಳುವಾಗ ನಿರಾಯುಧರಾಗಿ ನಿಂತು ಪ್ರಾಣವಿತ್ತವರನ್ನು ಜನರು ‘ಝೂತಿ’ ಧಾತುವಿನಿಂದಲೇ ಸ್ಮರಿಸುತ್ತಾರೆ. ಅಲ್ಲಿ ಆ ಶಬ್ದ ಮುಚ್ಚುಮರೆಯಲ್ಲ, ಗೌರವ. ನಾವು ರಣದಲ್ಲಿ ಬಿದ್ದವರನ್ನು ‘ಮಡಿದರು’ ಎನ್ನುವಂತೆ. ಒಂದೇ ಶಬ್ದ ಒಂದೆಡೆ ಗೌರವವಾಗುವುದೂ ಇನ್ನೊಂದೆಡೆ ಅಪಲಾಪವಾಗುವುದೂ ಸಂದರ್ಭದಿಂದ.

೧೯೪೪ರಲ್ಲಿ ರಫಾಯೆಲ್ ಲೆಮ್ಕಿನ್ ಎಂಬ ನ್ಯಾಯಶಾಸ್ತ್ರಜ್ಞರು ಜನಾಂಗವಾಚಕವಾದ ಗ್ರೀಕ್ ಶಬ್ದವನ್ನೂ ಕೊಲ್ಲುವುದೆಂಬ ಲ್ಯಾಟಿನ್ ಕ್ರಿಯೆಯನ್ನೂ ಕೂಡಿಸಿ ‘ಜೆನೊಸೈಡ್’ ಎಂಬ ಶಬ್ದವನ್ನು ನಿರ್ಮಿಸಿದರು. ೧೯೪೮ರ ಡಿಸೆಂಬರ್ ೯ರಂದು ವಿಶ್ವಸಂಸ್ಥೆಯು ಅದನ್ನು ಕುರಿತ ಒಡಂಬಡಿಕೆಯನ್ನು ಅಂಗೀಕರಿಸಿತು. ಅದರ ಲ್ಯಾಟಿನ್ ಭಾಗವೇ ಸಕರ್ಮಕವಾಗಿದೆ. ಒಡಂಬಡಿಕೆಯ ಲಕ್ಷಣವಾಕ್ಯದಲ್ಲಿಯೂ ‘ಡೆಸ್ಟ್ರಾಯ್’ ಎಂಬುದಕ್ಕೆ ಪ್ರಾಣಪ್ರದವಾದ ವಿಶೇಷಣ ‘ಉದ್ದೇಶ’ವೆಂಬುದು. ಲಿಥುವೇನಿಯದ ದಂಡಸಂಹಿತೆಯು ಇಲ್ಲಿ ‘ಸುನೈಕಿಂತಿ’ಯನ್ನು ಬಳಸಿದೆ. ಉದ್ದೇಶವೆಂಬುದು ಸಚೇತನನಾದ ಕರ್ತೃವಿಗೆ ಮಾತ್ರ ಸಲ್ಲುವುದರಿಂದ ಇದು ಯುಕ್ತವಾದ ಆಯ್ಕೆ. ‘ನೀಕ್ತಿ’ ಎಂದು ಹೇಳಿದ್ದರೆ ಅಪರಾಧವೇ ಆವಿಯಾಗುತ್ತಿದ್ದಿತು. ಈ ಶಬ್ದದ ವ್ಯಾಪ್ತಿಯನ್ನು ಕುರಿತು ಆ ದೇಶದಲ್ಲಿ ವಿವಾದವೂ ನಡೆಯಿತು. ವಿಲ್ನಿಯುಸಿನಲ್ಲಿ ಸೋವಿಯತ್ ಗುಪ್ತಪೊಲೀಸರ ಹಳೆಯ ಕಟ್ಟಡದಲ್ಲಿ ೧೯೯೨ರಲ್ಲಿ ಸ್ಥಾಪಿತವಾದ ವಸ್ತುಸಂಗ್ರಹಾಲಯಕ್ಕೆ ‘ಗೆನೊತ್ಸಿದಸ್’ ಎಂಬ ಶಬ್ದವುಳ್ಳ ಹೆಸರಿದ್ದಿತು. ೨೦೧೮ರಲ್ಲಿ ಆ ಹೆಸರನ್ನು ಬಿಟ್ಟು ಆಕ್ರಮಣಗಳ ಮತ್ತು ಸ್ವಾತಂತ್ರ್ಯಹೋರಾಟಗಳ ಸಂಗ್ರಹಾಲಯವೆಂದು ಕರೆಯಲಾಯಿತು.

ನಾಶವಾಚಕಗಳಲ್ಲಿ ಜನರೇ ಹುಟ್ಟಿಸಿದ ಒಂದು ಶಬ್ದವನ್ನು ಪಟ್ಟಿಗಳಲ್ಲಿ ನಿರೀಕ್ಷಿಸುವಂತಿಲ್ಲ. ೧೯೪೪ರ ಅನಂತರ ಕಾಡುಗಳಲ್ಲಿ ಅಡಗಿ ಹೋರಾಡುತ್ತಿದ್ದವರನ್ನು ಅಡಗಿಸಲು ಸೋವಿಯತ್ ಆಡಳಿತವು ರಚಿಸಿದ ತಂಡಗಳಿಗೆ ರಷ್ಯನ್ ಭಾಷೆಯಲ್ಲಿ ‘ನಾಶಕರು’ ಎಂಬರ್ಥದ ಹೆಸರಿದ್ದಿತು. ಹಳ್ಳಿಗರು ಆ ಉದ್ದನೆಯ ರಷ್ಯನ್ ಶಬ್ದವನ್ನೇ ಮೊಟಕುಗೊಳಿಸಿ ‘ಸ್ತ್ರಿಬೈ’ ಎಂದರು. ಇನ್ನೊಂದು ಕಡೆ, ಇಂಗ್ಲಿಷಿನಲ್ಲಿ ‘ಫೈಟರ್’, ಅಂದರೆ ಕಾದುವುದು, ಎಂದು ಹೆಸರುಳ್ಳ ಯುದ್ಧವಿಮಾನಕ್ಕೆ ಲಿಥುವೇನಿಯನ್ನಿನಲ್ಲಿ ‘ನೈಕಿಂತುವಸ್’, ಅಂದರೆ ನಿರ್ಮೂಲಕ, ಎಂದು ಹೆಸರು. ಆದರೆ ಇಂಗ್ಲಿಷಿನವರು ‘ಡೆಸ್ಟ್ರಾಯರ್’ ಎನ್ನುವ ಯುದ್ಧನೌಕೆಗೆ ಸಾಮಾನ್ಯವಾಗಿ ‘ಎಸ್ಕದ್ರಿನಿಸ್ ಮಿನಿನಿಂಕಸ್’ ಎನ್ನುವರು. ಅದರಲ್ಲಿ ನಾಶದ ಸುಳಿವೇ ಇಲ್ಲ. ವ್ಯುತ್ಪತ್ತಿಯನ್ನು ನಂಬಿ ಪ್ರತಿಶಬ್ದವನ್ನು ಊಹಿಸುವವನು ಸಮುದ್ರದಲ್ಲಿ ವಿಮಾನವನ್ನು ತೇಲಿಸಿದಂತಾಗುವುದು.

೭

ನಮ್ಮ ವಾದಕ್ಕೆ ಆಕ್ಷೇಪಗಳಿಲ್ಲದೆ ಇಲ್ಲ. ಇಂಗ್ಲಿಷಿನಲ್ಲಿಯೂ ‘ಕೊಲ್ಯಾಪ್ಸ್’, ‘ಡೆಮಾಲಿಷ್’ ಎಂದು ಬೀಳುವುದಕ್ಕೂ ಬೀಳಿಸುವುದಕ್ಕೂ ಭೇದ ಹೇಳಬಹುದಲ್ಲವೇ ಎಂದು ಕೇಳಬಹುದು. ಹೇಳಬಹುದು, ಆದರೆ ಹೇಳಲೇಬೇಕೆಂಬ ನಿರ್ಬಂಧ ಅಲ್ಲಿಲ್ಲ. ‘ಬ್ರೇಕ್’, ‘ರೂಯಿನ್’ ಮುಂತಾದ ಎರಡೂ ಕಡೆಗೆ ಸಲ್ಲುವ ಶಬ್ದಗಳು ಯಾವಾಗಲೂ ಕೈಗೆ ಸಿಗುತ್ತವೆ. ಎರಡನೆಯ ಆಕ್ಷೇಪವು ಇದಕ್ಕಿಂತ ಬಲವಾದುದು: ಲಿಥುವೇನಿಯನ್ ಭಾಷೆಯೂ ಅಕರ್ಮಕವನ್ನು ಆರಿಸಿಕೊಂಡು ಕರ್ತೃವನ್ನು ಮರೆಸಬಲ್ಲದಷ್ಟೆ ಎಂಬುದು. ಇದನ್ನು ನಾವು ಒಪ್ಪಲೇಬೇಕು. ಇದಕ್ಕೆ ಅತ್ಯುತ್ತಮ ನಿದರ್ಶನ ಲಿಥುವೇನಿಯನ್ನಿನ ನೆರೆಯ ಬಂಧುವಾದ ಪ್ರಾಚೀನ ಪ್ರಷ್ಯನ್ ಭಾಷೆಯ ಗತಿ. ಹದಿಮೂರನೆಯ ಶತಮಾನದಲ್ಲಿ ಟ್ಯೂಟಾನಿಕ್ ವೀರರು ಪ್ರಷ್ಯನ್ನರ ನಾಡನ್ನು ಗೆದ್ದರು. ಜರ್ಮನ್ ಭಾಷೆ ಅಲ್ಲಿ ಹರಡಿತು. ಹದಿನೆಂಟನೆಯ ಶತಮಾನದ ಆರಂಭದ ಹೊತ್ತಿಗೆ ಪ್ರಷ್ಯನ್ ನುಡಿಯುವವರೇ ಉಳಿಯಲಿಲ್ಲ. ಇಂತಹ ಭಾಷೆಯನ್ನು ಲಿಥುವೇನಿಯನ್ನರು ‘ಇಶ್‌ನೀಕುಸಿ ಕಲ್ಬಾ’ ಎನ್ನುವರು. ಮರೆಯಾದ ಭಾಷೆ ಎಂದರ್ಥ. ಕೃದಂತವು ಅಕರ್ಮಕ. ಗೆದ್ದವರು ಆ ಶಬ್ದದಲ್ಲಿ ಇಲ್ಲ. ಆದರೂ ‘ನೀಕ್ತಿ’ಯ ಪಕ್ಕದಲ್ಲಿಯೇ ‘ನೈಕಿಂತಿ’ ನಿಂತಿರುವುದರಿಂದ, ಓದುಗನು ‘ಮರೆಯಾಯಿತೋ, ಮರೆಯಾಗಿಸಿದರೋ’ ಎಂದು ಕೇಳುವುದಕ್ಕೆ ಭಾಷೆಯೇ ಅವಕಾಶ ಕೊಟ್ಟಿದೆ.

ಆ ಪ್ರಷ್ಯನ್ ಭಾಷೆಯಿಂದ ನಮಗೆ ಉಳಿದಿರುವುದೇನು? ಹದಿನಾರನೆಯ ಶತಮಾನದ ಮೂರು ಧರ್ಮಬೋಧೆಯ ಪುಸ್ತಕಗಳು, ಕೆಲವು ಚೂರುಪಾರು ವಾಕ್ಯಗಳು, ಮತ್ತು ಸುಮಾರು ೧೪೦೦ರ ಒಂದು ಪ್ರತಿಯಿಂದ ತಿಳಿದುಬಂದ ಎಲ್ಬಿಂಗ್ ಶಬ್ದಸಂಗ್ರಹ. ಅದರಲ್ಲಿ ಜರ್ಮನ್ ಶಬ್ದಗಳಿಗೆ ಎದುರಾಗಿ ೮೦೨ ಪ್ರಷ್ಯನ್ ಶಬ್ದಗಳನ್ನು ವಿಷಯಾನುಸಾರವಾಗಿ ಜೋಡಿಸಿದೆ. ಅಂದರೆ ಅದೂ ನಾವು ಇಷ್ಟು ಹೊತ್ತು ವಿಮರ್ಶಿಸಿದ ಜಾತಿಯ ಪಟ್ಟಿಯೇ. ಆದಕಾರಣ ಪಟ್ಟಿಗಳನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಭಾಷೆಯೊಂದು ಮುಳುಗುವಾಗ ತೇಲಿಬರುವ ಹಲಗೆ ಕೆಲವೊಮ್ಮೆ ಪಟ್ಟಿಯೇ ಆಗಿರುತ್ತದೆ. ಆದರೆ ಆ ೮೦೨ ಶಬ್ದಗಳಿಂದ ಪ್ರಷ್ಯನ್ನರು ತಮ್ಮ ನಾಶವನ್ನು ಕುರಿತು ಹೇಗೆ ಮಾತನಾಡುತ್ತಿದ್ದರೆಂದು ತಿಳಿಯುವುದಿಲ್ಲ. ವಾಕ್ಯಗಳು ಹೋದುವು, ಹೆಸರುಗಳು ಉಳಿದುವು.

ಲಿಥುವೇನಿಯನ್ ಭಾಷೆಗೆ ಆ ಗತಿ ಬರಲಿಲ್ಲ. ರಷ್ಯನ್ ಚಕ್ರಾಧಿಪತ್ಯವು ೧೮೬೪ರಿಂದ ೧೯೦೪ರ ವರೆಗೆ ಲ್ಯಾಟಿನ್ ಲಿಪಿಯಲ್ಲಿ ಲಿಥುವೇನಿಯನ್ ಪುಸ್ತಕಗಳ ಮುದ್ರಣವನ್ನು ನಿಷೇಧಿಸಿದ್ದರೂ ಜನರು ಗಡಿಯಾಚೆ ಅಚ್ಚುಹಾಕಿಸಿ ಗುಟ್ಟಾಗಿ ತಂದು ಓದಿದರು. ಕಝಿಮಿಯೆರಸ್ ಬೂಗರು ಸಂಗ್ರಹಿಸತೊಡಗಿದ ಶಬ್ದರಾಶಿ ಅವರು ೧೯೨೪ರಲ್ಲಿ ತೀರಿಕೊಂಡ ಮೇಲೆಯೂ ಬೆಳೆಯಿತು. ಮಹಾನಿಘಂಟಿನ ಮೊದಲನೆಯ ಸಂಪುಟ ೧೯೪೧ರಲ್ಲಿಯೂ ಇಪ್ಪತ್ತನೆಯ, ಎಂದರೆ ಕೊನೆಯ, ಸಂಪುಟ ೨೦೦೨ರಲ್ಲಿಯೂ ಹೊರಬಂದುವು. ಮೊದಲನೆಯ ಸಂಪುಟ ಬಂದ ವರ್ಷವೇ ಆ ದೇಶದ ಗಡೀಪಾರುಗಳ ಮತ್ತು ಕಗ್ಗೊಲೆಗಳ ವರ್ಷವೆಂಬುದನ್ನು ನೆನೆದರೆ, ಆ ಪಂಡಿತರ ಶ್ರಮ ಎಂತಹದೆಂದು ತಿಳಿದೀತು. ಅಂತಹ ನಿಘಂಟು ಇರುವಾಗ ಪ್ರಯೋಗವಿಲ್ಲದ ಒಣ ಪಟ್ಟಿಯಿಂದ ತೃಪ್ತರಾಗುವುದಕ್ಕೆ ಕಾರಣವಿಲ್ಲ.

ನಾಶವಾಚಕಗಳ ದ್ವಿಭಾಷಾಪಟ್ಟಿಯನ್ನು ರಚಿಸುವವರಿಗೂ ಅದನ್ನು ಪಾಠಮಾಡುವ ಅಧ್ಯಾಪಕರಿಗೂ ನಮ್ಮ ಸೂಚನೆಗಳು ನಾಲ್ಕು. ಲಿಥುವೇನಿಯನ್ ಕ್ರಿಯಾಪದವನ್ನು ಎಂದಿಗೂ ಒಂಟಿಯಾಗಿ ಕೊಡದೆ ಅಕರ್ಮಕ ಸಕರ್ಮಕಗಳ ಜೋಡಿಯಾಗಿಯೇ ಕೊಡಬೇಕು. ಭಾವರೂಪದೊಡನೆ ವರ್ತಮಾನ ಭೂತರೂಪಗಳನ್ನೂ ಸೇರಿಸಬೇಕು. ಯಾವ ಉಪಸರ್ಗದೊಡನೆ ಯಾವ ವಸ್ತುವಿಗೆ ಸಲ್ಲುವುದೆಂಬುದನ್ನು ಒಂದೊಂದು ಚಿಕ್ಕ ವಾಕ್ಯದಿಂದ ತೋರಿಸಬೇಕು. ಕಡೆಯದಾಗಿ, ಇಂಗ್ಲಿಷ್ ವಾಕ್ಯದಲ್ಲಿ ಕರ್ತೃ ಕಾಣದಿದ್ದಲ್ಲಿ ಅನುವಾದಕ್ಕೆ ಕೈಯಿಡುವ ಮೊದಲು ಅವನನ್ನು ಹುಡುಕಬೇಕೆಂದು ವಿದ್ಯಾರ್ಥಿಗೆ ಹೇಳಿಕೊಡಬೇಕು. ಹುಡುಕಿದರೂ ಸಿಗದಿದ್ದರೆ ‘ಗ್ರ್ಯೂತಿ’ಯೆಂದು ಬರೆಯಲಿ, ಸಿಕ್ಕಿದರೆ ‘ಗ್ರ್ಯೌತಿ’ಯೆಂದು ಬರೆಯಲು ಹಿಂಜರಿಯದಿರಲಿ.